ಮೂರನೇ ಗೇರು ಬೀಳದ ಕಾರು

ನನ್ನ ಮಗಳು ದಿನಾ ಬೆಳಿಗ್ಗೆ ಆ ಕಾರಿನಲ್ಲೇ ಶಾಲೆಗೆ ಹೋಗುತ್ತಿದ್ದಳು. ಅದನ್ನು ನೆನೆದರೆ ಈಗಲೂ ನನ್ನ ಕೈಕಾಲು ತಣ್ಣಗಾಗುತ್ತವೆ.

ಓಡಿಸುತ್ತಿದ್ದವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ಆಯುಷ್ಯವೆಲ್ಲ ಬಸ್ಸು ಓಡಿಸಿ ನಿವೃತ್ತರಾದ ಮನುಷ್ಯ. ಸುಮ್ಮನೆ ಕೂತರೆ ತುಕ್ಕು ಹಿಡಿದು ಸಾಯುತ್ತೇನೆ ಎಂದು ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು ಕೊಂಡು, ನಮ್ಮ ಬೀದಿಯ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ಹಚ್ಚಿಕೊಂಡಿದ್ದರು. ನನ್ನ ಮಗಳು, ಟೈಲರಮ್ಮನ ಅವಳಿ ಗಂಡುಮಕ್ಕಳು, ಬೇಕರಿಯವನ ಮಗ. ಒಟ್ಟು ನಾಲ್ಕು. ಮಕ್ಕಳು ಅವರನ್ನು ಮಾವ ಅಂತಲೇ ಕರೆಯುತ್ತಿದ್ದವು. ಭಾವ ಕಾರನ್ನು ಮುದುಕಿ ಅನ್ನುತ್ತಿದ್ದರು.

ಆ ಮುದುಕಿಗೆ ಗೇರಿನ ಕಾಯಿಲೆ ಬಂತು. ಎರಡನೇ ಗೇರಿನಲ್ಲೇ ಅರಚಿಕೊಂಡು ಹೋಗುತ್ತದೆ, ಮೂರನೆಯದು ಬೀಳುವುದೇ ಇಲ್ಲ, ಬಿದ್ದರೂ ಸಮತಟ್ಟಾದ ರಸ್ತೆಯಲ್ಲೇ ಧಡಕ್ಕನೆ ಮತ್ತೆ ಎರಡಕ್ಕೆ ಇಳಿಯುತ್ತದೆ ಎಂದು ಭಾವ ನಾನು ಗಾಡಿ ರಿಪೇರಿ ಮಾಡುವ ಶೆಡ್ಡಿಗೆ ತಂದರು. ಆ ಮಾದರಿಯ ಗೇರ್‌ಬಾಕ್ಸು ಈಗ ಎಲ್ಲೂ ಸಿಗುವುದಿಲ್ಲ. ಅದರ ಒಳಗೇ ಏನಾದರೂ ಕೆಟ್ಟು ಹೋಗಿದ್ದರೆ ಕಾರು ನೇರ ಗುಜರಿಗೆ. ಕಾರು ಗುಜರಿಗೆ ಹೋದರೆ ಭಾವ ಮನೆಯ ಮೂಲೆಗೆ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಕ್ಕ ಅದನ್ನು ಬಾಯಿಬಿಟ್ಟೇ ಹೇಳಿದ್ದಳು. "ಹೆಂಗಾದ್ರೂ ಮಾಡಿ ಅದನ್ನ ಓಡೋ ಹಾಗೆ ಮಾಡೋ. ಬಸ್ಸು ಬಿಟ್ಟ ಮೇಲೆ ಆರು ತಿಂಗಳು ಗೋಡೆ ನೋಡ್ಕೊಂಡು ಕೂತಿದ್ರು. ಇನ್ನೊಂದ್ಸಲ ಆ ಮುಖ ನೋಡೋ ಶಕ್ತಿ ನಂಗಿಲ್ಲ."

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅಂದರೆ ಜನ ಏನೋ ಮಾಟದ ಪೆಟ್ಟಿಗೆ ಅಂದುಕೊಂಡಿದ್ದಾರೆ. ಮಾಟವೂ ಇಲ್ಲ ಮಣ್ಣೂ ಇಲ್ಲ. ಆಯಿಲ್‌ನ ಒತ್ತಡದಿಂದ ಅದು ತಾನೇ ಗೇರು ಬದಲಾಯಿಸುತ್ತದೆ. ಯಾವಾಗ ಬದಲಾಯಿಸಬೇಕು ಅನ್ನುವುದಕ್ಕೆ ಎರಡನ್ನು ನೋಡುತ್ತದೆ. ಗಾಡಿ ಎಷ್ಟು ವೇಗದಲ್ಲಿದೆ, ಓಡಿಸುವವನು ಎಕ್ಸಲೇಟರನ್ನು ಎಷ್ಟು ತುಳಿದಿದ್ದಾನೆ. ಹಳೆಯ ಗಾಡಿಗಳಲ್ಲಿ ಎರಡನೆಯದನ್ನು ತಿಳಿಸಲಿಕ್ಕೆ ಎಕ್ಸಲೇಟರಿನ ಕಡೆಯಿಂದ ಗೇರ್‌ಬಾಕ್ಸಿಗೆ ಒಂದು ಕೇಬಲ್ ಇರುತ್ತದೆ. ಹಗುರವಾಗಿ ತುಳಿದರೆ ಬೇಗ ಮೇಲಿನ ಗೇರಿಗೆ ಹೋಗುತ್ತದೆ. ಒತ್ತಿ ತುಳಿದರೆ, ಇವನಿಗೆ ಅವಸರ ಇದೆ ಅಂದುಕೊಂಡು ಕೆಳಗಿನ ಗೇರಿನಲ್ಲೇ ಇಂಜಿನ್ನನ್ನು ಅರಚಿಸುತ್ತದೆ.

ಹಾಗಾಗಿ ಮೊದಲ ಸಲ ಕಾರು ಬಂದಾಗ ನಾನು ಕೇಬಲ್ ಹಿಡಿದೆ. ಸ್ವಲ್ಪ ಬಿಗಿಯಾಗಿತ್ತು, ಸಡಿಲಿಸಿದೆ. ಆಯಿಲ್ ನೋಡಿದೆ. ಇಂಜಿನ್ ಬಿಸಿಯಾಗಿ ಓಡುತ್ತಿರುವಾಗಲೇ ಆಯಿಲ್ ಕಡ್ಡಿ ಎಳೆದು ನೋಡಬೇಕು. ಅಳತೆ ಸರಿಯಿತ್ತು. ಆದರೆ ಕೆಂಪಗಿರಬೇಕಾದ ಆಯಿಲ್ ಕಂದಾಗಿತ್ತು, ಮೂಗಿಗೆ ಹಿಡಿದರೆ ಸುಟ್ಟ ವಾಸನೆ. ಸರಿ, ಒಳಗಿನ ಪ್ಲೇಟುಗಳು ಸುಟ್ಟಿವೆ, ಮುದುಕಿಯ ಕತೆ ಮುಗಿಯಿತು ಅಂದುಕೊಂಡು ಕೆಳಗಿನ ಚೇಂಬರ್ ಬಿಚ್ಚಿದೆ. ಅದರ ತಳದಲ್ಲಿ ಒಂದು ಅಯಸ್ಕಾಂತ ಇರುತ್ತದೆ, ಕಬ್ಬಿಣದ ಪುಡಿ ಹಿಡಿಯಲಿಕ್ಕೆ. ಅದರ ಮೇಲೆ ಬೂದುಬಣ್ಣದ ತೆಳು ಕೆಸರು ಬಿಟ್ಟರೆ ಏನೂ ಇರಲಿಲ್ಲ. ಚೂರಿಲ್ಲ, ಪ್ಲೇಟಿನ ಹೊಪ್ಪಳೆ ಇಲ್ಲ. ಆಯಿಲ್ ಸುಟ್ಟಿದೆ, ಸುಡಬೇಕಾದದ್ದು ಯಾವುದೂ ಸುಟ್ಟಿಲ್ಲ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಟ್ರಯಲ್‌ಗೆ ಹೋದೆ. ಒಂದು, ಎರಡು, ಮೂರು, ನಾಲ್ಕು. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ಬಿದ್ದವು.

ಕೆಲವೇ ವಾರಗಳಲ್ಲಿ ಕಾರು ವಾಪಸ್ ಬಂತು. ಅದೇ ದೂರು. ಹೊಸ ಆಯಿಲ್ ಮತ್ತೆ ಕಂದು. ಈ ಸಲ ಆಯಿಲ್ ತಣಿಸುವ ಪೈಪು ಕಟ್ಟಿಕೊಂಡಿರಬೇಕೆಂದು ಅದನ್ನು ತೊಳೆದೆ. ವಾಲ್ವ್‌ಗಳನ್ನೆಲ್ಲ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಜೋಡಿಸಿ ಒಂದೊಂದನ್ನೇ ತಿಕ್ಕಿದೆ. ಮುಂದಿನ ಚಕ್ರದ ಬ್ರೇಕ್ ಪ್ಯಾಡುಗಳು ಕಬ್ಬಿಣ ಕಾಣುವವರೆಗೆ ಸವೆದಿದ್ದವು. ಅದನ್ನೂ ಬದಲಾಯಿಸಿದೆ. ಬ್ರೇಕು ಬಿಡದೆ ಹಿಡಿದುಕೊಳ್ಳುತ್ತಿದೆ ಎಂದು ಅದಕ್ಕೂ ಕೈ ಹಾಕಿದೆ. ಟ್ರಯಲ್‌ಗೆ ಹೋದೆ. ಮತ್ತೆ ಬೆಣ್ಣೆ.

ನನ್ನ ಶೆಡ್ಡಿನಲ್ಲಿ ಒಂದು ಕಟ್ಟುಪಾಡಿದೆ. ಟ್ರಯಲ್‌ಗೆ ಹೋಗುವಾಗ ಸ್ಟೀರಿಂಗ್ ಮುಂದೆ ನಾನೊಬ್ಬನೇ. ಗಿರಾಕಿ ಯಾರೇ ಆಗಲಿ, ಬೇಕಿದ್ದರೆ ಬೆಂಚಿನ ಮೇಲೆ ಕೂತು ಚಹಾ ಕುಡಿಯಲಿ. ಅವರು ಓಡಿಸಿ ತೋರಿಸುತ್ತೇನೆ ಅಂದರೆ ನನಗೆ ಮೈ ಉರಿಯುತ್ತದೆ. ಬಾಯಿ ಬಿಡುತ್ತಾರೆ, ಗೇರಿನ ಸದ್ದು ಕೇಳಿಸುವುದಿಲ್ಲ. ಗಾಡಿಯ ಮಾತು ನನಗೆ ಅರ್ಥವಾದಷ್ಟು ಅದರ ಯಜಮಾನನಿಗೆ ಅರ್ಥವಾಗುವುದಿಲ್ಲ ಅನ್ನುವುದು ನನ್ನ ನಂಬಿಕೆಯಾಗಿತ್ತು.

ಮೂರನೇ ಸಲ ಭಾವ ಬಂದದ್ದು ಮಕ್ಕಳನ್ನು ಶಾಲೆಗೆ ಬಿಟ್ಟು ನೇರವಾಗಿ. ಕಾರನ್ನು ಶೆಡ್ಡಿನ ಬಾಗಿಲಿಗೆ ಅಡ್ಡಡ್ಡ ನಿಲ್ಲಿಸಿ, ಬಾಗಿಲನ್ನು ಬಡಿದು ಇಳಿದರು. ಹಿಂದಿನ ಸೀಟಿನಲ್ಲಿ ಅಕ್ಕ ಕೂತಿದ್ದಳು.

"ನಿನ್ನ ಕೈಗೆ ಕೊಟ್ಟು ಕೊಟ್ಟು ಇದ್ದ ಗೇರ್‌ಬಾಕ್ಸೂ ಹಾಳಾಯ್ತು ಕಣೋ" ಎಂದರು, ಪಕ್ಕದ ಶೆಡ್ಡಿನ ಪೇಂಟರಿಗೂ ಕೇಳುವಷ್ಟು ಜೋರಾಗಿ. "ಇವತ್ತು ಸೇತುವೆ ಇಳಿಯೋವಾಗ ಎರಡರಲ್ಲೇ ಕಿರುಚ್ಕೊಂಡು ಹೋಯ್ತು. ಮಕ್ಕಳು ಕಿವಿ ಮುಚ್ಕೊಂಡ್ವು."

"ಭಾವ, ನಾನು ಓಡಿಸ್ದಾಗ ಸರಿ ಇತ್ತು."

"ನೀನು ಓಡಿಸ್ದಾಗ ಸರಿ ಇದ್ರೆ ನಂಗೇನು ಪ್ರಯೋಜನ? ಮಕ್ಕಳನ್ನ ಶಾಲೆಗೆ ಬಿಡೋನು ನೀನಾ?"

ಪೇಂಟರ್ ಮುಖಕ್ಕೆ ಕಟ್ಟಿದ್ದ ಬಟ್ಟೆ ಕೆಳಗೆ ಸರಿಸಿ ನಕ್ಕ. "ಬಿಡಿ ಅಣ್ಣಾ, ನಂಗೆ ಕೊಡಿ. ಚೆನ್ನಾಗಿ ಬಣ್ಣ ಹೊಡೆದು ಕೊಡ್ತೀನಿ. ಗೇರು ಬೀಳದಿದ್ರೂ ನೋಡೋಕಾದ್ರೂ ಲಕ್ಷಣವಾಗಿರುತ್ತೆ."

"ನಿನ್ನ ಕೆಲಸ ನೀನು ನೋಡ್ಕೋ" ಎಂದೆ ಅವನಿಗೆ. ಭಾವನ ಕಡೆ ತಿರುಗಿ, "ಎಷ್ಟು ಬಸ್ಸು ಓಡ್ಸಿದ್ರೇನು, ಆಟೋಮ್ಯಾಟಿಕ್ ಗಾಡಿ ನಿಮಗೆ ಒಗ್ಗಲ್ಲ. ಹೇಳ್ದೆ ಆವತ್ತೇ" ಅಂದೆ.

"ಲೋ, ನೀನು ಸೈಕಲ್ಲಿನ ಟಯರ್ ಉರುಳಿಸ್ಕೊಂಡು ಓಡಾಡೋವಾಗ ನಾನು ಘಟ್ಟದಲ್ಲಿ ಬಸ್ಸು ಹತ್ತಿಸ್ತಿದ್ದೆ! ಗೇರು ಬದಲಾಯಿಸಿದ್ರೆ ನಿದ್ದೇಲಿದ್ದ ಪ್ಯಾಸೆಂಜರ್‌ಗೆ ಎಚ್ಚರ ಆಗ್ತಿರ್ಲಿಲ್ಲ, ಗೊತ್ತಾ?"

ಅದು ಸುಳ್ಳಲ್ಲ. ಅವರ ಬಸ್ಸಿನಲ್ಲಿ ನಾನೇ ಎಷ್ಟೋ ಸಲ ನಿದ್ದೆ ಮಾಡಿದ್ದೇನೆ.

ಅಕ್ಕ ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯ ಗಾಜು ಇಳಿಸಿ, "ಇಬ್ರೂ ಬಾಯಿ ಮಾಡ್ಕೊಂಡು ಸಾಯ್ತಾನೇ ಇರಿ" ಎಂದಳು. "ಲೋ, ನೀನು ಒಬ್ಬನೇ ಹೋಗಿ ಸರಿ ಇದೆ ಅಂತೀಯ. ಅವರು ಒಬ್ರೇ ಹೋಗಿ ಸರಿ ಇಲ್ಲ ಅಂತಾರೆ. ಒಂದ್ಸಲ ಅವರು ಓಡಿಸ್ಲಿ, ನೀನು ಪಕ್ಕದಲ್ಲಿ ಕೂತ್ಕೊಂಡು ನೋಡು. ಅಷ್ಟೂ ತಿಳಿಯಲ್ವಾ?"

"ನಾನು ಹಂಗೆ ಟ್ರಯಲ್ ಮಾಡಲ್ಲಕ್ಕ."

"ಮಾಡು. ಮೂಗು ಸವೆಯಲ್ಲ."

ಪೇಂಟರ್ ಮತ್ತೆ ನಕ್ಕ. ನಾನು ಕೈ ಒರೆಸುವ ಬಟ್ಟೆಯನ್ನು ಬೆಂಚಿಗೆ ಬಿಸಾಡಿ ಪಕ್ಕದ ಸೀಟಿನಲ್ಲಿ ಹೋಗಿ ಕೂತೆ. ಸಿಟ್ಟಿನಲ್ಲಿ ಕೂತೆ. ಇವರು ಓಡಿಸುವಾಗಲೂ ಬೆಣ್ಣೆಯ ಹಾಗೆ ಬೀಳಲಿ, ಇಬ್ಬರ ಬಾಯಿಯೂ ಒಂದೇ ಸಲ ಮುಚ್ಚುತ್ತದೆ ಅನ್ನುವುದಷ್ಟೇ ನನ್ನ ತಲೆಯಲ್ಲಿದ್ದದ್ದು.

ಭಾವ ಲಿವರನ್ನು ಡ್ರೈವ್‌ಗೆ ಎಳೆದರು. ಕಾರು ಒಮ್ಮೆ ಮುಗ್ಗರಿಸಿ ಹೊರಟಿತು. ಬೀದಿಯ ತಿರುವಿನವರೆಗೆ ಪರವಾಗಿರಲಿಲ್ಲ. ದೊಡ್ಡ ರಸ್ತೆಗೆ ಬಿದ್ದ ಮೇಲೆ ಇಂಜಿನ್ ಸದ್ದು ಏರಿತು. ಒಂದರಿಂದ ಎರಡಕ್ಕೆ ತಡವಾಗಿ, ಧಡ್ ಎಂದು ಬಿತ್ತು. ಆಮೇಲೆ ಎರಡರಲ್ಲೇ ಏರತೊಡಗಿತು. ಮೂರು ಬೀಳಬೇಕಾದ ಜಾಗ ದಾಟಿತು. ಇಂಜಿನ್ ಗಂಟಲು ಹರಿದುಕೊಳ್ಳುತ್ತಿತ್ತು.

"ಕೇಳಿಸ್ತಾ?" ಎಂದರು ಭಾವ, ಗೆದ್ದವರ ಹಾಗೆ. "ಈಗ ಹೇಳು, ಸರಿ ಇದೆ ಅಂತ."

ನಾನು ಸದ್ದು ಕೇಳುತ್ತಿದ್ದೆ. ಆಯಿಲ್ ಒತ್ತಡ ಸಾಲುತ್ತಿಲ್ಲವೋ, ಯಾವುದಾದರೂ ವಾಲ್ವ್ ಬಿಸಿಗೆ ಕಚ್ಚಿಕೊಳ್ಳುತ್ತಿದೆಯೋ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಸುಟ್ಟ ಬ್ರೇಕಿನ ವಾಸನೆ ಬಂತು. ಓಡುತ್ತಿರುವ ಗಾಡಿಯಲ್ಲಿ ಬ್ರೇಕಿನ ವಾಸನೆ ಯಾಕೆ ಎಂದು ಬಗ್ಗಿ ಅವರ ಕಾಲಿನ ಕಡೆ ನೋಡಿದೆ.

ಎಡಗಾಲು ಬ್ರೇಕಿನ ಮೇಲಿತ್ತು. ಸುಮ್ಮನೆ ಇಟ್ಟದ್ದಲ್ಲ, ಒತ್ತಿತ್ತು. ಬಲಗಾಲು ಎಕ್ಸಲೇಟರನ್ನು ಅರ್ಧಕ್ಕಿಂತ ಹೆಚ್ಚು ತುಳಿದಿತ್ತು. ಎರಡೂ ಒಟ್ಟಿಗೆ.

"ಭಾವ, ಎಡಗಾಲು ಬ್ರೇಕ್ ಮೇಲೆ ಯಾಕಿಟ್ಟಿದ್ದೀರಿ?"

"ಕ್ಲಚ್ ಇಲ್ವಲ್ಲ. ಕೆಲಸ ಇಲ್ದೆ ಇರೋ ಕಾಲು ಏನ್ ಮಾಡ್ಬೇಕು? ಈ ಮುದುಕಿ ಇದ್ದಕ್ಕಿದ್ದ ಹಾಗೆ ಮುನ್ನುಗ್ಗುತ್ತೆ. ಹಿಡ್ಕೊಳ್ಳೋಕೆ ಒಂದು ಕಾಲು ಬೇಕು."

ಸುಟ್ಟ ಆಯಿಲ್, ಸವೆದ ಪ್ಯಾಡು, ಬೀಳದ ಮೂರನೇ ಗೇರು, ಎಲ್ಲವೂ ನನ್ನ ತಲೆಯಲ್ಲಿ ಒಂದೇ ಗಂಟಾಗಿ ಬಿದ್ದವು. ಒಂದು ಕಾಲಿನಿಂದ ಓಡು ಅನ್ನುತ್ತಾ ಇನ್ನೊಂದರಿಂದ ನಿಲ್ಲು ಅಂದರೆ ಯಾವ ಗೇರ್‌ಬಾಕ್ಸು ತಡೆಯುತ್ತದೆ? ನನಗೆ ನಗುವೂ ಬಂತು, ಸಿಟ್ಟೂ ಬಂತು. ತಿಂಗಳುಗಟ್ಟಲೆ ನನ್ನ ಬೆನ್ನು ಮುರಿಸಿದ್ದು ಇದಕ್ಕಾ?

"ಮೊದ್ಲು ಎಕ್ಸಲೇಟರ್ ಬಿಡಿ ಭಾವ. ಕಾಲು ಎತ್ತಿ."

"ಎತ್ತಿದ್ದೀನಲ್ಲ."

"ಎಲ್ಲಿ ಎತ್ತಿದ್ದೀರಿ? ಎತ್ತಿ ಅಂದ್ರೆ."

"ಎತ್ತಿದ್ದೀನಿ ಕಣೋ! ಅದಕ್ಕೇ ಹೇಳ್ತಿರೋದು, ಕಾಲು ತೆಗೆದ್ರೂ ಹೀಗೇ ಹೋಗುತ್ತೆ ಅಂತ!"

ನಾನು ಮತ್ತೆ ನೋಡಿದೆ. ಬೂಟು ಪೆಡಲಿನ ಮೇಲೇ ಇತ್ತು. ಕಾಲು ಎತ್ತಿದ್ದೇನೆ ಎಂದು ಅವರು ಹೇಳುತ್ತಿರುವಾಗಲೇ ಅದು ಇನ್ನಷ್ಟು ಒತ್ತಿತು. ಅವರು ತಮಾಷೆ ಮಾಡುತ್ತಿರಲಿಲ್ಲ. ಹಟ ಮಾಡುತ್ತಿರಲಿಲ್ಲ. ಮುಖದಲ್ಲಿ ನಿಜ ಹೇಳುವವನ ಕಳೆಯೇ ಇತ್ತು. ಕಣ್ಣು ರಸ್ತೆಯ ಮೇಲಿತ್ತು. ತನ್ನ ಕಾಲು ಎಲ್ಲಿದೆ ಅನ್ನುವುದು ಆ ಮನುಷ್ಯನಿಗೆ ಗೊತ್ತಿರಲಿಲ್ಲ.

ಮುಂದೆ ಸಿಗ್ನಲ್ ಕೆಂಪಾಗಿತ್ತು. ಒಂದು ಬಸ್ಸು ನಿಂತಿತ್ತು, ಅದರ ಹಿಂಬಾಗಿಲಿನಿಂದ ಜನ ಇಳಿಯುತ್ತಿದ್ದರು.

"ತೆಗಿ! ಕಾಲು ತೆಗಿ!" ಎಂದು ಕಿರುಚಿದೆ. ಭಾವನನ್ನು ಏಕವಚನದಲ್ಲಿ ಕರೆದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಹಿಂದಿನ ಸೀಟಿನಲ್ಲಿ ಅಕ್ಕ "ರೀ!" ಎಂದು ಕೂಗಿದಳು. ಭಾವ ಗಾಬರಿಯಾದರು, ಗಾಬರಿಯಲ್ಲಿ ಎರಡೂ ಕಾಲು ಒತ್ತಿದರು. ನಾನು ಲಿವರನ್ನು ಹಿಡಿದು ನ್ಯೂಟ್ರಲ್‌ಗೆ ತಳ್ಳಿದೆ. ಇಂಜಿನ್ ಹುಚ್ಚು ಹಿಡಿದ ಹಾಗೆ ಅರಚಿತು. ಕಾರಿಗೆ ಇನ್ನು ಇಂಜಿನ್ನಿನ ಬಲ ಇರಲಿಲ್ಲ. ಕ್ಲಚ್ ತುಳಿದು ತುಳಿದು ಕಬ್ಬಿಣವಾಗಿದ್ದ ಅವರ ಎಡಗಾಲು ಬ್ರೇಕನ್ನು ನೆಲಕ್ಕೆ ಒತ್ತಿತ್ತು. ನಿಂತೆವು. ಬಸ್ಸಿನ ಹಿಂಬದಿಗೂ ನಮಗೂ ನಡುವೆ ಒಬ್ಬ ಮನುಷ್ಯ ಅಡ್ಡ ನಿಲ್ಲುವಷ್ಟು ಜಾಗವಿತ್ತು.

ಕೀಲಿ ತಿರುಗಿಸಿದೆ. ಇಂಜಿನ್ ನಿಂತ ಮೇಲೆ ಉಳಿದದ್ದು ನಮ್ಮ ಮೂವರ ಉಸಿರು. ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ನಮ್ಮನ್ನು ಕೆಕ್ಕರಿಸಿ ನೋಡಿ ಮುಂದೆ ಹೋದಳು.

"ನೋಡಿದ್ಯಾ?" ಎಂದರು ಭಾವ. "ನೋಡಿದ್ಯಾ ಹೆಂಗೆ ನುಗ್ತು? ಗೇರ್‌ಬಾಕ್ಸ್ ಕೆಟ್ಟಿದೆ ಅಂತ ಎಷ್ಟು ಸಲ ಬಡ್ಕೊಂಡೆ."

ಅವರ ಬಲಗಾಲು ಇನ್ನೂ ಎಕ್ಸಲೇಟರನ್ನು ಒತ್ತಿಕೊಂಡೇ ಇತ್ತು.

ಇಳಿದು ಸುತ್ತಿ ಬಂದು ಅವರ ಬಾಗಿಲು ತೆಗೆದೆ. ಹಿಂದಿನಿಂದ ಹಾರನ್ ಮೇಲೆ ಹಾರನ್. ಅವರನ್ನು ಇಳಿಸಿ, ನಾನು ಕೂತು, ಕಾರನ್ನು ರಸ್ತೆಯ ಪಕ್ಕಕ್ಕೆ ತಂದೆ. ಕೂತಾಗ ಎಕ್ಸಲೇಟರಿನ ರಬ್ಬರು ನೋಡಿದೆ. ಅದರ ಮೇಲೆ ಯಾರೋ ಉಳಿಯಿಂದ ಗೀರಿದ ಹಾಗೆ ಹೊಸ ಗೀರುಗಳಿದ್ದವು. ಗೀರುಗಳ ಸಂದಿಯಲ್ಲಿ ಕಪ್ಪಾಗಿ ಏನೋ ಅಂಟಿತ್ತು. ಗ್ರೀಸು ಅಂದುಕೊಂಡು ಬೆರಳಿಂದ ಉಜ್ಜಿದೆ. ಅದು ಗ್ರೀಸಾಗಿರಲಿಲ್ಲ.

ಭಾವ ಪಾದಚಾರಿ ಕಟ್ಟೆಯ ಮೇಲೆ ಕೂತಿದ್ದರು. ಅಕ್ಕ ಬಾಟಲಿಯ ನೀರು ಕುಡಿಸುತ್ತಿದ್ದಳು. ನಾನು ಅವರ ಎದುರು ನೆಲದಲ್ಲಿ ಕೂತು ಬಲಗಾಲನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ.

"ಏನೋ ಮಾಡ್ತೀಯ, ಬಿಡೋ" ಎಂದರು ನಾಚಿಕೊಂಡು. "ಕಾಲಿಗೆ ಬೀಳೋ ಅಂಥದ್ದೇನಾಗಿಲ್ಲ."

ಬೂಟಿನ ತಳದಲ್ಲಿ, ಹೆಬ್ಬೆರಳಿನ ಬುಡದ ಜಾಗದಲ್ಲಿ, ಒಂದು ಸ್ಕ್ರೂ ಇತ್ತು. ಬಾಗಿಲಿನ ಕೀಲಿಗೆ ಹಾಕುವಂಥ ಸ್ಕ್ರೂ. ತಲೆಯವರೆಗೆ ಒಳಗೆ ಹೋಗಿತ್ತು. ಆ ತಲೆ ನೆಲಕ್ಕೆ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸ್ಕ್ರೂಡ್ರೈವರ್ ಇಡುವ ಗೀಟು ಸವೆದು ಮಾಯವಾಗಿತ್ತು. ಕಬ್ಬಿಣ ಅಷ್ಟು ಸವೆಯಬೇಕಾದರೆ ಎಷ್ಟು ನಡೆಯಬೇಕು ಅನ್ನುವುದು ನನಗೆ ಗೊತ್ತು. ಇವತ್ತಿನದಲ್ಲ, ನಿನ್ನೆಯದೂ ಅಲ್ಲ.

"ಭಾವ, ನೋವಾಗ್ತಿಲ್ವಾ?"

"ಎಲ್ಲಿ?"

ಬೂಟಿನ ಲೇಸು ಬಿಚ್ಚಿ ಎಳೆದೆ. ಅದು ಬರಲಿಲ್ಲ. ಸ್ಕ್ರೂ ಬೂಟನ್ನೂ ಕಾಲನ್ನೂ ಸೇರಿಸಿ ಹೊಲಿದಿತ್ತು. ನಾನು ಎಳೆಯುತ್ತಿದ್ದೆ, ಭಾವ ನನ್ನನ್ನೇ ನೋಡುತ್ತಿದ್ದರು, ಯಾರದೋ ಕಾಲಿನ ಬೂಟನ್ನು ಯಾರೋ ಬಿಚ್ಚುತ್ತಿರುವ ಹಾಗೆ. ನಾನು ಹಲ್ಲು ಕಚ್ಚಿ ಒಮ್ಮೆ ಜೋರಾಗಿ ಎಳೆದೆ. ಚಪ್ ಅನ್ನುವ ಸದ್ದು ಬಂತು. ಭಾವ ಕಣ್ಣು ಕೂಡ ಮಿಟುಕಿಸಲಿಲ್ಲ. ಕಿರುಚಿದ್ದು ಅಕ್ಕ.

ಸಾಕ್ಸಿನ ಅಡಿ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಅದರ ಮಧ್ಯದಿಂದ ಹೊಸ ರಕ್ತ ಇಳಿಯತೊಡಗಿತು. ಗಾಯದ ವಾಸನೆ ನನ್ನ ಮೂಗಿಗೆ ಬಡಿಯಿತು. ಸುಟ್ಟ ಆಯಿಲ್‌ನ ವಾಸನೆಗೆ ಹೇಸದವನು ನಾನು, ಮುಖ ತಿರುಗಿಸಿದೆ.

"ಇದು... ಇದು ನಂದಾ?" ಎಂದರು ಭಾವ. ಕಾಲನ್ನು ಕೇಳಿದರೋ ರಕ್ತವನ್ನು ಕೇಳಿದರೋ ತಿಳಿಯಲಿಲ್ಲ.

ಅಕ್ಕ ಕಟ್ಟೆಯ ಮೇಲೆ ಕುಸಿದಳು. "ದಿನಾ ಸಂಜೆ ಬೂಟನ್ನ ಎಳೆದು ಕಿತ್ತು ಎಸೀತಿದ್ರು. ಬಲಗಾಲಿನ ಸಾಕ್ಸು ಮಾತ್ರ ಎಷ್ಟು ಉಜ್ಜಿದ್ರೂ ಕಲೆ ಹೋಗ್ತಿರ್ಲಿಲ್ಲ ಕಣೋ. ಬೂಟಿನ ಬಣ್ಣ ಬಿಡ್ತಿದೆ ಅಂದ್ಕೊಂಡೆ. ಕೇಳ್ದೆ ಕೂಡ. ಹೊಸ ಬೂಟು ತಗೊಳ್ಳಿ ಅಂದೆ. ಇದೇ ಚೆನ್ನಾಗಿದೆ, ಹಗುರವಾಗಿದೆ, ಹಾಕ್ಕೊಂಡಿರೋದೇ ಗೊತ್ತಾಗಲ್ಲ ಅಂದ್ರು."

ಆಸ್ಪತ್ರೆಗೆ ನಾನೇ ಓಡಿಸಿದೆ. ಕಾಲಿಗೆ ನನ್ನ ಅಂಗಿ ಸುತ್ತಿದ್ದೆ. ಭಾವನಿಗೆ ಸಕ್ಕರೆ ಕಾಯಿಲೆ ಇರುವುದು ನಮಗೆಲ್ಲ ಗೊತ್ತೇ ಇತ್ತು. ಮಾತ್ರೆ ನುಂಗುತ್ತಾರೆ, ಸಿಹಿ ಕದ್ದು ತಿನ್ನುತ್ತಾರೆ, ಅಕ್ಕ ಬೈಯುತ್ತಾಳೆ. ಅಷ್ಟೇ ಆ ಕಾಯಿಲೆ ಅಂದುಕೊಂಡಿದ್ದೆವು.

ವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಾಯ ತೊಳೆದು ಕಟ್ಟಿದ ಮೇಲೆ ಭಾವನನ್ನು ಮಲಗಿಸಿ, "ಕಣ್ಣು ಮುಚ್ಕೊಳ್ಳಿ. ನಾನು ಚುಚ್ಚಿದಾಗೆಲ್ಲ ಹೂಂ ಅನ್ನಿ" ಎಂದಳು. ಮೊನಚಾದ ಕಡ್ಡಿಯೊಂದನ್ನು ತೆಗೆದು ಮೊದಲು ಎಡಗಾಲಿನ ಪಾದಕ್ಕೆ ಒತ್ತಿದಳು. ಭಾವ ಕೆಲವು ಸಲ ಹೂಂ ಅಂದರು, ಕೆಲವು ಸಲ ಅನ್ನಲಿಲ್ಲ. ಆಮೇಲೆ ಬಲಗಾಲಿಗೆ ಬಂದಳು. ಬೆರಳಿನ ತುದಿ, ಹಿಮ್ಮಡಿ, ಗಂಟು. ಚುಚ್ಚುತ್ತಾ ಮೇಲೆ ಹೋದಳು. ಕಡ್ಡಿ ಒತ್ತಿದ ಕಡೆಯೆಲ್ಲ ಬಿಳಿಯ ಚುಕ್ಕೆ ಮೂಡಿ ಕೆಂಪಾಗುತ್ತಿತ್ತು. ಭಾವ ಕಣ್ಣು ಮುಚ್ಚಿಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಗಮನವಿಟ್ಟು ಕಾಯುತ್ತಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಶುರು ಮಾಡಮ್ಮ. ಯಾಕೆ ತಡ?"

ವೈದ್ಯೆಯ ಕೈ ನಿಂತಿತು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಬಲಗಾಲಿನ ಮೊಣಕಾಲ ಕೆಳಗಿನ ನರಗಳು ಸತ್ತು ತುಂಬಾ ಕಾಲವಾಗಿದೆ ಎಂದಳು. ನಿಧಾನವಾಗಿ ಸತ್ತಿವೆ, ಅದಕ್ಕೇ ಅವರಿಗೆ ಗೊತ್ತಾಗಿಲ್ಲ. ಕಾಲು ಎಲ್ಲಿದೆ, ಎಷ್ಟು ಒತ್ತುತ್ತಿದೆ ಅನ್ನುವುದನ್ನು ನೋಡಿದರೆ ಮಾತ್ರ ತಿಳಿಯುತ್ತದೆ. ಗಾಯ ವಾಸಿಯಾಗಬಹುದು, ಬೆರಳು ಉಳಿಯಬಹುದು, ನರ ವಾಪಸ್ ಬರುವುದಿಲ್ಲ. "ಗಾಡಿ ಗೀಡಿ ಓಡಿಸ್ತಾರಾ?" ಎಂದು ಕೇಳಿದಳು.

ನನಗೆ ಆಗ ಮಗಳ ನೆನಪಾಯಿತು. ಸಂಜೆ ಮನೆಗೆ ಬಂದು, "ಅಪ್ಪಾ, ಇವತ್ತು ಮಾವ ವಿಮಾನ ಓಡ್ಸಿದ್ರು" ಎಂದು ಕುಣಿಯುತ್ತಿದ್ದಳು. ನಾನು ನಕ್ಕು, "ಗೇರು ಜಾರ್ತಿದೆ ಮಗಾ, ಸರಿ ಮಾಡ್ತೀನಿ" ಅನ್ನುತ್ತಿದ್ದೆ. ಒಂದು ಸಲವಲ್ಲ. ಎಷ್ಟೋ ಸಲ. ಆ ಪೆಡಲಿನ ಮೇಲೆ ಸತ್ತ ಕಾಲು, ಹಿಂದಿನ ಸೀಟಿನಲ್ಲಿ ಊಟದ ಡಬ್ಬಿ ಹಿಡಿದ ನಾಲ್ಕು ಮಕ್ಕಳು, ಮುಂದೆ ಸೇತುವೆಯ ಇಳಿಜಾರು. ನಾನು ಹೊರಗೆ ಹೋಗಿ ನಿಂತೆ.

ಶಾಲೆ ಬಿಡುವ ಹೊತ್ತಿಗೆ ಮಕ್ಕಳನ್ನು ನಾನೇ ಕರೆತಂದೆ. ಆಮೇಲೆ ಅಕ್ಕನ ಮನೆಗೆ ಹೋದೆ. ಭಾವ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು, ಕಟ್ಟಿದ ಪಾದವನ್ನೇ ನೋಡುತ್ತಾ. ಅಕ್ಕ ಅಡುಗೆಮನೆಯಲ್ಲಿದ್ದಳು.

"ಬಾ, ಕೂತ್ಕೋ" ಎಂದರು ತಗ್ಗಿದ ದನಿಯಲ್ಲಿ. "ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡ. ಗೇರ್‌ಬಾಕ್ಸ್ ನಿಜಕ್ಕೂ ಸರಿ ಇದೆಯಾ?"

"ಸರಿ ಇದೆ."

"ಏನೂ ಕೆಟ್ಟಿಲ್ವಾ?"

"ಏನೂ ಕೆಟ್ಟಿಲ್ಲ ಭಾವ."

"ಕೆಟ್ಟಿದ್ರೇ ಚೆನ್ನಾಗಿತ್ತು" ಎಂದರು. ಆಮೇಲೆ ನನ್ನ ಕೈ ಹಿಡಿದರು. "ಕೆಟ್ಟಿದೆ ಅಂತ ಹೇಳು. ಎಲ್ಲರಿಗೂ ಹಾಗೇ ಹೇಳು. ಗೇರ್‌ಬಾಕ್ಸ್ ಹೋಯ್ತು, ಸಾಮಾನು ಸಿಗಲ್ಲ, ಕಾರು ಗುಜರಿಗೆ ಹಾಕಿದ್ವಿ ಅಂತ. ನಾನಂತೂ ಇನ್ನು ಸ್ಟೀರಿಂಗ್ ಮುಟ್ಟಲ್ಲ, ನಿನ್ನ ಮಗಳ ಮೇಲಾಣೆ. ಆದ್ರೆ ಆ ಟೈಲರಮ್ಮ, ಬೇಕರಿಯವನು... ಇಷ್ಟು ದಿನ ನಮ್ಮ ಮಕ್ಕಳನ್ನ ಹಿಂಗೆ ಕರ್ಕೊಂಡು ಹೋಗ್ತಿದ್ದ ಅಂತ ಅವರು ನನ್ನ ಮುಖ ನೋಡೋದು ಬೇಡ ಕಣೋ."

ನನ್ನ ಮಗಳ ಮೇಲೆ ಆಣೆಯಿಡುತ್ತೀರಾ, ಅವಳನ್ನು ಆ ಕಾರಿನಲ್ಲಿ ಕೂರಿಸಿಕೊಂಡು ಹೋದವರು ನೀವು ಎಂದು ಕೂಗಬೇಕೆನಿಸಿತು. ಆದರೆ ಅವರು ನನ್ನ ಕೈ ಬಿಡಲಿಲ್ಲ. ಈ ಮನುಷ್ಯ ನನಗೆ ಬಾಲ್ಯದಲ್ಲಿ ಸ್ಟೀರಿಂಗ್ ಹಿಡಿಯಲು ಕಲಿಸಿದವರು. ನಾನೊಬ್ಬ ಗೇರ್‌ಬಾಕ್ಸ್ ರಿಪೇರಿ ಬಾರದ ಮೆಕ್ಯಾನಿಕ್ ಅಂತ ಬೀದಿಯೆಲ್ಲ ನಗಲಿ, ಅಷ್ಟೇ ತಾನೇ ಅಂದುಕೊಂಡೆ. ಆಗಲಿ ಅನ್ನಲು ಬಾಯಿ ತೆರೆದೆ.

"ಆ ಸುಳ್ಳು ಈ ಮನೇಲಿ ಬೇಡ" ಎಂದಳು ಅಕ್ಕ. ಯಾವಾಗ ಬಂದಳೋ, ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಕೆಂಡವಾಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಅವರು ನಿಮ್ಮನ್ನ ನಂಬಿ ಮಕ್ಕಳನ್ನ ಕೊಟ್ಟಿದ್ರು. ಏನೂ ಆಗ್ಲಿಲ್ಲ, ಅದು ನಮ್ಮ ಪುಣ್ಯ. ಆದ್ರೆ ಏನಾಗ್ತಿತ್ತು ಅನ್ನೋದು ಅವರಿಗೆ ಗೊತ್ತಾಗ್ಬೇಕು. ನೀವು ಹೇಳದಿದ್ರೆ ನಾನು ಹೋಗಿ ಹೇಳ್ತೀನಿ."

"ಸುಮ್ನಿರೇ..."

"ಸುಮ್ನೆ ಸಾಕ್ಸು ಒಗೆದಿದ್ದು ಸಾಕು."

ಭಾವ ಅವಳನ್ನು ನೋಡಿದರು. ಗಂಡ ಹೆಂಡತಿ ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿಕೊಂಡದ್ದನ್ನು ನಾನು ಮೊದಲು ಕಂಡಿರಲಿಲ್ಲ. ಕೊನೆಗೆ ಭಾವ ನನ್ನ ಕೈ ಬಿಟ್ಟು, "ಆಸ್ಪತ್ರೇಲಿ ಕೊಟ್ಟ ಕೋಲು ಕೊಡು" ಎಂದರು.

ಮುದುಕಿಯಲ್ಲೇ ಹೋದೆವು. ನಡೆಯಬಾರದು ಎಂದು ವೈದ್ಯೆ ಹೇಳಿದ್ದಳು. ನಾನು ಓಡಿಸಿದೆ, ಭಾವ ಪಕ್ಕದಲ್ಲಿ ಕೂತರು. ಬೀದಿಯ ತಿರುವು ದಾಟಿದ ಮೇಲೆ ಗೇರು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋಯಿತು. ಸದ್ದೇ ಇಲ್ಲ. ಭಾವ ಕಿವಿಗೊಟ್ಟು ಕೇಳುತ್ತಿದ್ದರು.

"ಬಿತ್ತಲ್ಲ, ಮೂರು" ಎಂದರು. ಅಷ್ಟೇ ಮಾತು.

ಟೈಲರಮ್ಮ ಅಂಗಡಿಯ ಮುಂದೆ ಮೆಷಿನ್‌ಗೆ ಮುಸುಕು ಹಾಕುತ್ತಿದ್ದಳು. ಅವಳಿ ಹುಡುಗರು ಬಟ್ಟೆಯ ತುಂಡುಗಳ ರಾಶಿಯ ಮೇಲೆ ಉರುಳಾಡುತ್ತಿದ್ದರು. ಕಾರು ಕಂಡವರೇ "ಮಾವ! ಮಾವ!" ಎಂದು ಎದ್ದರು. ಭಾವ ಬಾಗಿಲು ತೆಗೆದು, ಕಟ್ಟಿದ ಕಾಲನ್ನು ಎರಡು ಕೈಯಿಂದ ಎತ್ತಿ ಹೊರಗೆ ಇಟ್ಟರು. ನೆಲಕ್ಕೆ ಮುಟ್ಟಿತೋ ಇಲ್ಲವೋ ಎಂದು ಬಗ್ಗಿ ನೋಡಿದರು. ಮುಟ್ಟಿದ್ದು ಕಂಡ ಮೇಲೆ ಕೋಲು ಊರಿ ಎದ್ದರು.

"ಅಯ್ಯೋ, ಕಾಲಿಗೇನಾಯ್ತಣ್ಣ?" ಎಂದಳು ಟೈಲರಮ್ಮ. "ಕಾರು ರಿಪೇರಿಗೆ ಹೋಗಿತ್ತಂತೆ. ನಾಳೆ ಬರ್ತೀರಾ ಹೆಂಗೆ?"

"ಬರಲ್ಲಮ್ಮ. ಕಾರು ಚೆನ್ನಾಗಿದೆ. ಕೆಟ್ಟಿರೋದು ನನ್ನ ಕಾಲು." ಅವರು ಒಂದೊಂದೇ ಮಾತು ಹುಡುಕಿ ಹೇಳಿದರು. ಬಲಗಾಲಿಗೆ ಸ್ಪರ್ಶವೇ ಇಲ್ಲ ಎಂದರು. ತುಂಬಾ ಕಾಲದಿಂದ ಇಲ್ಲವಂತೆ ಎಂದರು. ಎಕ್ಸಲೇಟರ್ ತುಳಿದಿದ್ದೇನೋ ಬಿಟ್ಟಿದ್ದೇನೋ ಅನ್ನುವುದು ಗೊತ್ತಾಗದೆಯೇ ಇಷ್ಟು ದಿನ ಓಡಿಸಿದೆ, ಇವತ್ತು ಬೆಳಿಗ್ಗೆ ಕೂಡ ಎಂದರು. "ನಿನ್ನ ಮಕ್ಕಳನ್ನ ಕೂರಿಸ್ಕೊಂಡು."

ಟೈಲರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಮುಗುಳ್ನಗೆ ಮುಖದ ಮೇಲೆ ಹಾಗೇ ಇತ್ತು. ಆಮೇಲೆ ಅದು ಇಳಿಯಿತು. ಅವಳು ಬೈಯಲಿಲ್ಲ, ಅಳಲಿಲ್ಲ. ಕಾರಿನ ಕಿಟಕಿಗೆ ನೇತುಬಿದ್ದು ಒಳಗೆ ಇಣುಕುತ್ತಿದ್ದ ಇಬ್ಬರು ಹುಡುಗರನ್ನೂ ಭುಜ ಹಿಡಿದು ಎಳೆದು, ತನ್ನ ಹೊಟ್ಟೆಗೆ ಒತ್ತಿಕೊಂಡಳು. ಉಸಿರು ಕಟ್ಟುವಷ್ಟು ಬಿಗಿಯಾಗಿ.

"ಅಮ್ಮಾ, ನೋವಾಗುತ್ತೆ" ಎಂದ ಒಬ್ಬ.

ಅವಳು ಬಿಡಲಿಲ್ಲ. ಭಾವ ಅವಳ ಆ ಎರಡು ಕೈಗಳನ್ನೇ ನೋಡುತ್ತಾ ನಿಂತಿದ್ದರು. ಬೇಕರಿಯವನ ಮನೆಗೆ ಇನ್ನೂ ಹೋಗಬೇಕಿತ್ತು, ಆಮೇಲೆ ನನ್ನ ಮನೆಗೆ, ನನ್ನ ಹೆಂಡತಿಯ ಮುಂದೆ.